ಎರಡಾಳಿನ ಸೀಟು

ಶನಿವಾರ, ಬೆಳಿಗ್ಗೆ

ನಮ್ಮ ಮನೆಯವರಿಗೆ,

ಇಷ್ಟು ಬರೆದು ಒಂದು ಗಳಿಗೆ ಪೆನ್ನು ಎತ್ತಿಕೊಂಡು ಕೂತೆ. ಮನೆಯವರು ಎನಿಸಿಕೊಳ್ಳಬೇಕಾದರೆ ಮನುಷ್ಯ ಮನೆಯಲ್ಲಿ ಇರಬೇಕಲ್ಲ! ಇರಲಿ ಬಿಡಿ. ನಿಮ್ಮನ್ನು ಬೇರೆ ಏನೆಂದು ಕರೆದೂ ನನಗೆ ಅಭ್ಯಾಸವಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಆಸೆಯೂ ಇಲ್ಲ.

ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟವರು ನರ್ಸಮ್ಮ. ಮೊದಲು ಅವರನ್ನು ಒಳಗೆ ಕರೆದು ಕೂರಿಸಿ, ಕುಡಿಯಲು ನೀರು ಕೊಡಿ, ಆಮೇಲೆ ಓದಿ. ಬಂದವರನ್ನು ಹೊಸಿಲಲ್ಲೇ ನಿಲ್ಲಿಸಿಕೊಂಡು ಕಾಗದ ಬಿಚ್ಚುವ ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ಅವರು ನಮ್ಮ ಈ ಬಡಾವಣೆಯ ಅರ್ಧ ಜನರ ಹೆರಿಗೆ ಮಾಡಿಸಿದವರು. ಕೆಲಸದಿಂದ ನಿವೃತ್ತರಾಗಿದ್ದಾರೆ, ಬಾಯಿಂದ ಇನ್ನೂ ಆಗಿಲ್ಲ, ಹುಷಾರು. ಅವರ ತಂಗಿಯ ಮನೆ ನೀವಿರುವ ಊರಿನಲ್ಲೇ ಇದೆಯಂತೆ. ಹೊರಗೆ ರಸ್ತೆಯಲ್ಲಿ ನಿಂತಿರುವ ಹಳೆಯ ಹಸಿರು ಕಾರು ಅವರದು, ಅದರ ಮುಂದಿನ ಸೀಟು ನನ್ನ ಕೈಯದು. ಆ ಸೀಟಿನ ವಿಷಯಕ್ಕೇ ಬರೆಯುತ್ತಿದ್ದೇನೆ, ಬೇರೆ ಏನಿಲ್ಲ. ನೀವು ಮನೆಗೆ ಬರುತ್ತೀರೋ ಇಲ್ಲವೋ ಎಂದು ಕೇಳುವುದಕ್ಕಂತೂ ಅಲ್ಲ. ಅದನ್ನು ಕೇಳಿ ಕೇಳಿ ಮಗಳೇ ಸೋತು ಸುಮ್ಮನಾಗಿದ್ದಾಳೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಫೋನಿನ ಮಾತು ಗೊತ್ತಿದ್ದದ್ದೇ. ಊಟ ಆಯ್ತಾ, ಆಯ್ತು, ನಿಂದು, ನಂದೂ ಆಯ್ತು, ಮತ್ತೆ, ಮತ್ತೇನಿಲ್ಲ. ಇಬ್ಬರೂ ಉಂಡಿದ್ದೇವೆ ಎಂಬುದು ಖಚಿತವಾದ ಮೇಲೆ ಗಂಡ ಹೆಂಡತಿಗೆ ಮಾತಾಡಲು ಏನೂ ಉಳಿಯುವುದಿಲ್ಲ. ಉಳಿದ ಸುದ್ದಿಯನ್ನೆಲ್ಲ ಮಗಳು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹೊರುತ್ತಾಳೆ. ಅವಳ ಮಾತೋ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಪ್ಪ ಚೆನ್ನಾಗಿದ್ದಾರೆ, ಸ್ವಲ್ಪ ಸಣ್ಣ ಆಗಿದ್ದಾರೆ, ಆದ್ರೆ ಚೆನ್ನಾಗಿದ್ದಾರೆ, ಅನ್ನುತ್ತಾಳೆ. ಸಣ್ಣ ಆಗಿದ್ದಾರೆ ಎಂಬುದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂದು ಯೋಚಿಸುತ್ತಾ ನಾನು ಒಂದು ವಾರ ಕಳೆಯುತ್ತೇನೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಎದುರು ಗ್ಯಾರೇಜಿನ ಹೊಗೆ ಮೇಸ್ತ್ರಿಯನ್ನು ಮರೆತಿಲ್ಲ ತಾನೇ? ಎಂಜಿನ್ನಿಗಿಂತ ಹೆಚ್ಚು ಹೊಗೆ ಅವನ ಬಾಯಿಂದ ಬರುತ್ತದೆ ಎಂದು ಆ ಹೆಸರಿಟ್ಟವರೇ ನೀವು. ಅವನು ಈ ಕಾರಿನ ಎಂಜಿನ್ ಕೆಲಸ ಮುಗಿಸಿ, ಓಡಿಸಿಕೊಂಡು ಬಂದು ನಮ್ಮ ಸೀಟಿನ ಶಾಪಿನ ಶಟರಿನ ಮುಂದೆ ನಿಲ್ಲಿಸಿ, ಅಕ್ಕಾ, ಸೀಟೊಂದು ನೋಡ್ಬಿಡು, ಅಂದ. ಬಾಗಿಲು ತೆಗೆದು ನೋಡಿದೆ. ಮುಂದೆ ಎರಡು ಬಿಡಿ ಸೀಟಿಲ್ಲ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದ ಸೀಟು. ತಟ್ಟನೆ ಬಾಗಿಲು ಹಾಕಿ, ಇದು ನನ್ನ ಕೈಲಿ ಆಗಲ್ಲಪ್ಪ, ಬೇರೆ ಕಡೆ ನೋಡು, ಅಂದುಬಿಟ್ಟೆ.

ನೀವು ಹೋದ ಮೇಲೆ ಉದ್ದ ಸೀಟಿನ ಕೆಲಸ ಒಂದನ್ನೂ ನಾನು ಒಪ್ಪಿಕೊಂಡಿಲ್ಲ. ಇದನ್ನು ಮಗಳಿಗೆ ಹೇಳಿಲ್ಲ, ಹಾಗಾಗಿ ನಿಮಗೂ ತಲುಪಿರುವುದಿಲ್ಲ. ಬಿಡಿ ಸೀಟಾದರೆ ಒಬ್ಬಳೇ ಕೂತು ಸರಿ ತಪ್ಪು ಹೇಳಬಹುದು. ಉದ್ದ ಸೀಟಿಗೆ ಇಬ್ಬರು ಬೇಕು. ಒಬ್ಬರೇ ಕೂತರೆ ಅದು ಒಂದು ಕಡೆಗೆ ತಗ್ಗಿಯೇ ತಗ್ಗುತ್ತದೆ, ತಪ್ಪು ಸ್ಪ್ರಿಂಗಿನದೋ ಅಲ್ಲವೋ ತಿಳಿಯುವುದು ಹೇಗೆ? ನಾವು ಮಾಡುತ್ತಿದ್ದ ರೀತಿ ಇನ್ಯಾರಿಗೂ ಗೊತ್ತಿಲ್ಲ. ಸ್ಟೇರಿಂಗಿನ ಹಿಂದೆ ನೀವು, ಪಕ್ಕದಲ್ಲಿ ನಾನು. ಕಣ್ಣು ಮುಚ್ಚಿ, ಉಸಿರು ಬಿಟ್ಟು, ಮೈಯೆಲ್ಲ ಸಡಿಲ ಮಾಡಿ ಕೂತುಬಿಡುವುದು. ಮೈ ತಾನಾಗಿ ಯಾವ ಕಡೆಗೆ ವಾಲುತ್ತದೋ ಆ ಕಡೆಯ ಸ್ಪ್ರಿಂಗು ಕಟ್ಟಿದ ಹುರಿ ಬಿಗಿಯಬೇಕು. ಇಬ್ಬರೂ ವಾಲದಿದ್ದರೆ ಸೀಟು ಪಾಸು. ಎಷ್ಟೋ ಸಲ ಸೀಟು ಸರಿಯಾಗಿದ್ದರೂ ನೀವು ಬೇಕೆಂದೇ ನನ್ನ ಭುಜಕ್ಕೆ ಬಂದು ಬೀಳುತ್ತಿದ್ದಿರಿ, ತಪ್ಪು ನಿನ್ನ ಹುರಿಯದು ಕಣೇ, ನಂದೇನೂ ಇಲ್ಲ, ಅನ್ನುತ್ತಿದ್ದಿರಿ. ಗಿರಾಕಿಗಳು ಹೊರಗೆ ನಿಂತು, ಇವರೇನು ಹಗಲು ಹೊತ್ತಲ್ಲಿ ಕಾರಲ್ಲಿ ಕೂತು ನಿದ್ದೆ ಹೊಡೀತಾರೆ, ಎಂದು ಗೊಣಗುತ್ತಿದ್ದರು.

ಹಾಗಾಗಿ ಆಗುವುದಿಲ್ಲ ಎಂದೆ. ಆಗ ಕಾರಿನ ಆ ಬದಿಯಿಂದ ನರ್ಸಮ್ಮ ಕಾಣಿಸಿಕೊಂಡರು. ಕಾಣಿಸಿಕೊಂಡರು ಎಂದರೆ ತಲೆ ಮಾತ್ರ ಕಾಣಿಸಿತು, ಅಷ್ಟು ಗಿಡ್ಡ. ಅಲ್ಲಮ್ಮ, ನೋಡೋಕ್ಕೆ ಮುಂಚೆನೇ ಬಾಗಿಲು ಹಾಕಿದ್ರೆ ಹೇಗೆ, ನಾನು ಹಾಗೆ ಮಾಡಿದ್ದಿದ್ರೆ ಈ ರಸ್ತೆಯಲ್ಲಿ ಎಷ್ಟು ಜನ ಹುಟ್ತಾನೇ ಇರಲಿಲ್ಲ, ಎಂದು ದಬಾಯಿಸಿದರು.

ಆಮೇಲೆ ಕಾರಿನ ಕಥೆ ಹೇಳಿದರು. ಅದು ಮೊದಲು ಅವರ ಆಸ್ಪತ್ರೆಯ ದೊಡ್ಡ ಡಾಕ್ಟರದು. ಡಾಕ್ಟರು ಆರಡಿಯ ಆಳು, ಸೀಟನ್ನು ಹಿಂದಕ್ಕೆ ತಳ್ಳಿದಷ್ಟೂ ತಳ್ಳಿ ಕೂರುತ್ತಿದ್ದರಂತೆ. ಮನೆಮನೆಗೆ ಹೆರಿಗೆಗೆ ಓಡಾಡಲಿ ಎಂದು ಕಾರನ್ನು ಇವರಿಗೆ ಬಿಟ್ಟುಕೊಟ್ಟಾಗ ಸೀಟು ಅದೇ ಕೊನೆಯ ಕಚ್ಚಿನಲ್ಲಿ ತುಕ್ಕು ಹಿಡಿದು ಕೂತಿತ್ತು. ಮುಂದಕ್ಕೆ ಬರಲೇ ಇಲ್ಲ. ಇವರು ಬೆನ್ನ ಹಿಂದೆ ಮಡಿಸಿದ ಕಂಬಳಿ ತುರುಕಿಕೊಂಡು, ಸೀಟಿನ ಅಂಚಿಗೆ ಬಂದು, ಕಾಲಿನ ತುದಿಯಲ್ಲಿ ಬ್ರೇಕು ಒತ್ತುತ್ತಾ ತಮ್ಮ ನೌಕರಿಯನ್ನೆಲ್ಲ ಕಳೆದಿದ್ದಾರೆ. ಇಷ್ಟು ವರ್ಷ ಇನ್ನೊಬ್ಬರ ಸೀಟಿನ ಅಂಚಲ್ಲಿ ಕೂತಿದೀನಿ ಕಣಮ್ಮ, ಸಾಯೋದ್ರೊಳಗೆ ಒಂದ್ಸಲ ಒರಗಿಕೊಂಡು ಕಾರು ಓಡಿಸ್ಬೇಕು, ನನ್ನ ಅಳತೆಗೆ ಒಂದು ಸೀಟು ಮಾಡ್ಕೊಡು, ಅಂದರು. ಸರಿ, ಬಿಟ್ಟು ಹೋಗಿ, ಅಂದೆ.

ಒಪ್ಪಿಕೊಂಡದ್ದಕ್ಕೆ ಅದೊಂದೇ ಕಾರಣವೇ ಎಂದು ನೀವು ಕೇಳಬಹುದು. ಕೇಳಬೇಡಿ.

ಸೀಟನ್ನು ಕಾರಿನಿಂದ ಈಚೆ ತೆಗೆಯುವುದಕ್ಕೇ ನನ್ನ ಜೀವ ಬಾಯಿಗೆ ಬಂತು. ಸೀಟು ಹಿಂದೆ ಮುಂದೆ ಜಾರುವ ಹಳಿಯ ಬೋಲ್ಟುಗಳು ನೆಲದ ತಗಡಿನ ಜೊತೆ ಒಂದಾಗಿಬಿಟ್ಟಿದ್ದವು. ಕಬ್ಬಿಣ ನಿಮ್ಮ ಇಲಾಖೆ, ಬಟ್ಟೆ ಚರ್ಮ ಹುರಿ ನನ್ನದು, ಹಾಗೆಂದೇ ನಡೆದು ಬಂದಿತ್ತಲ್ಲ. ಈಗ ಎರಡೂ ನನ್ನದೇ. ಸೀಮೆಎಣ್ಣೆ ಹನಿಸಿ ಬಿಟ್ಟೆ, ಮರುದಿನ ತಟ್ಟಿದೆ, ಮತ್ತೆ ಹನಿಸಿದೆ. ನೀವು ಮಾಡುತ್ತಿದ್ದ ಹಾಗೇ ಬೋಲ್ಟಿನ ತಲೆಗೆ ಮೆತ್ತಗೆ, ಯಾರನ್ನೋ ನಿದ್ದೆಯಿಂದ ಎಬ್ಬಿಸುವ ಹಾಗೆ ತಟ್ಟಿದೆ. ಕಾರಿನೊಳಗೆ ಮಕಾಡೆ ಮಲಗಿ, ತಲೆ ಸೀಟಿನ ಕೆಳಗೆ ತೂರಿಸಿಕೊಂಡು, ಕೈಯನ್ನು ಹಿಂದಕ್ಕೆ ಚಾಚಿ, ರೀ, ಹದಿನಾಲ್ಕರ ಪಾನಾ ಕೊಡಿ, ಅಂದೆ. ಕೈ ಹಾಗೇ ಗಾಳಿಯಲ್ಲಿ ಇತ್ತು. ಸ್ವಲ್ಪ ಹೊತ್ತು ಇತ್ತು. ಎದುರು ಗ್ಯಾರೇಜಿನಿಂದ ಹೊಗೆ ಮೇಸ್ತ್ರಿ ನೋಡಿದನೇನೋ, ಏನೂ ಮಾತಾಡದೆ ಬಂದು ಪಾನಾ ಕೈಯಲ್ಲಿಟ್ಟು ಹೋದ. ಅವನು ಮಾತಾಡದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಳಿ ಬಿಚ್ಚಿದರೆ ಒಳಗೆ ಕಪ್ಪು ಕೀಲೆಣ್ಣೆ ಅಂಟಾಗಿ ಕೂತಿತ್ತು. ಅದರಲ್ಲಿ ಹೇರ್‌ಪಿನ್ನುಗಳು, ಅಂಗಿಯ ಗುಂಡಿ, ಮುರಿದ ಥರ್ಮಾಮೀಟರಿನ ತುಂಡು. ಜಾರಲು ಇಟ್ಟ ಉಕ್ಕಿನ ಗುಂಡುಗಳು ಒಂದು ಬದಿಯಲ್ಲಿ ದುಂಡಗಿದ್ದವು, ಇನ್ನೊಂದು ಬದಿಯಲ್ಲಿ ಸವೆದು ಚಪ್ಪಟೆಯಾಗಿದ್ದವು. ಎಲ್ಲ ತೊಳೆದು, ಮರಳು ಕಾಗದದಲ್ಲಿ ತಿಕ್ಕಿ, ಹೊಸ ಗುಂಡು ಹಾಕಿ, ಗ್ರೀಸು ತುಂಬಿದೆ. ನಿಮ್ಮ ಡಬ್ಬಿಯಲ್ಲೇ ಅದೇ ಅಳತೆಯ ಗುಂಡುಗಳಿದ್ದವು. ಡಬ್ಬಿಯ ಮುಚ್ಚಳವನ್ನು ನೀವೇ ಮುಚ್ಚಿದ್ದಿರಿ ಎಂದು ಕಾಣುತ್ತದೆ, ತೆಗೆಯುವುದಕ್ಕೆ ಎರಡೂ ಕೈ ಬೇಕಾಯಿತು.

ನಿಜವಾದ ತಲೆನೋವು ಸೀಟನ್ನು ಹಿಡಿದು ನಿಲ್ಲಿಸುವ ಬೀಗದ್ದು. ಉದ್ದ ಸೀಟಿಗೆ ಎರಡು ಹಳಿ, ಎರಡು ಹಳಿಗೂ ಒಂದೊಂದು ಕೊಕ್ಕೆ, ನಡುವೆ ಒಂದು ಕಂಬಿ, ಹಿಡಿ ಮಾತ್ರ ಡ್ರೈವರ್ ಕಡೆ. ಹಿಡಿ ಎಳೆದಾಗ ಎರಡು ಕೊಕ್ಕೆಯೂ ಒಟ್ಟಿಗೆ ಬಿಡಬೇಕು. ಒಂದು ಮೊದಲು ಬಿಟ್ಟು ಇನ್ನೊಂದು ಹಿಡಿದುಕೊಂಡರೆ ಸೀಟು ಓರೆಯಾಗಿ ಕಚ್ಚಿಕೊಳ್ಳುತ್ತದೆ. ನೀವು ಕಣ್ಣಿಗಿಂತ ಕಿವಿಯಲ್ಲೇ ಇದನ್ನು ಸರಿ ಮಾಡುತ್ತಿದ್ದಿರಿ. ನಾನು ಎಳೆದಾಗಲೆಲ್ಲ ಟಕ್, ಟಕ್ ಎಂದು ಎರಡು ಸದ್ದು. ಕಂಬಿಯ ನಟ್ಟನ್ನು ಒಂದು ಸುತ್ತು ತಿರುಗಿಸಿದೆ, ಎರಡು ಸದ್ದು. ವಾಪಸು ತಿರುಗಿಸಿದೆ, ಎರಡು ಸದ್ದು. ತಲೆ ಕೆಟ್ಟು ಹೋಯಿತು. ಹಾಳಾಗಿ ಹೋಗು ಎಂದು ಬೈದು, ಮೇಲೆ ಮನೆಗೆ ಹೋಗಿ ಅನ್ನಕ್ಕಿಟ್ಟೆ. ಅನ್ನ ಬೇಯುತ್ತಿರುವಾಗ ಹೊಳೆಯಿತು. ಕಂಬಿಯಲ್ಲ, ಆಚೆ ಬದಿಯ ಕೊಕ್ಕೆಯ ಸಣ್ಣ ಸ್ಪ್ರಿಂಗು ಸೋತಿದೆ. ಒಲೆ ಆರಿಸಿ ಓಡಿಬಂದು ಬದಲಾಯಿಸಿ ಎಳೆದೆ. ಒಂದೇ ಸದ್ದು. ಮತ್ತೆ ಎಳೆದೆ, ಒಂದೇ. ಅಯ್ಯೋ, ಎಷ್ಟು ಖುಷಿಯಾಯಿತು ಅಂತೀರಿ! ಕೂಗಿ ಹೇಳೋಣ ಎಂದು ಬಾಯಿ ತೆಗೆದೆ. ಶಾಪಿನಲ್ಲಿ ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಮೇಲೆ ಹೋಗಿ ಅರೆಬೆಂದ ಅನ್ನ ಉಂಡೆ.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಕೆಟ್ಟದ್ದು ನನ್ನ ಸ್ವಂತ ಇಲಾಖೆಯಲ್ಲಿ.

ಸ್ಪ್ರಿಂಗು ಕಟ್ಟುವಾಗ ಮೇಲೆ ಭಾರ ಇರಬೇಕು, ಕೂರುವವರ ತೂಕಕ್ಕೆ ಸರಿಯಾಗಿ ಹುರಿ ಬಿಗಿಯಬೇಕು, ಇದು ನಿಮಗೆ ಹೇಳಿಕೊಡಬೇಕಾದದ್ದಲ್ಲ. ನರ್ಸಮ್ಮನ ತೂಕ ಕೇಳಿಕೊಂಡು ಅಷ್ಟೇ ಮರಳನ್ನು ಗೋಣಿಗೆ ತುಂಬಿ ಮೂಟೆ ಮಾಡಿ ಮೂಲೆಯಲ್ಲಿ ಇಟ್ಟಿದ್ದೆ. ಪುಟ್ಟ ಮೂಟೆ. ಕಟ್ಟಲು ಕೂತಾಗ ಮೂಟೆಯನ್ನು ಎತ್ತಿಡಲೇ ಇಲ್ಲ. ಏಕೆ ಎಂದರೆ ಏನು ಹೇಳಲಿ, ಮರೆತೆ. ಇಷ್ಟು ವರ್ಷ ನನಗೆ ಮರಳು ಮೂಟೆ ನೀವೇ ಅಲ್ಲವೇ? ಬರೀ ಸ್ಪ್ರಿಂಗಿನ ಮೇಲೆ ನಿಮ್ಮನ್ನು ಕೂರಿಸಿ, ಅಲ್ಲಾಡ್ಬೇಡಿ ಅಂದ್ರೆ ಅಲ್ಲಾಡ್ಬೇಡಿ, ಎಂದು ಗದರುತ್ತಾ ಕಟ್ಟಿದ ಕೈಗಳಿವು. ಅಂದು ರೇಡಿಯೋ ಹಚ್ಚಿಕೊಂಡು, ಮೊಣಕಾಲಿನಲ್ಲಿ ಸ್ಪ್ರಿಂಗು ಅದುಮಿ, ಯೋಚನೆಯೇ ಇಲ್ಲದೆ ಕಟ್ಟುತ್ತಾ ಹೋದೆ. ಹುರಿ ಸರಸರ ಓಡಿತು. ಗಂಟುಗಳು ಒಂದಕ್ಕಿಂತ ಒಂದು ಚೆಂದ. ಗೋಣಿ ಹೊದಿಸಿದೆ, ನಾರು ಹರಡಿದೆ, ಕುದುರೆ ಕೂದಲು ಕೆದರಿ ತುಂಬಿದೆ, ಹತ್ತಿ ಹಾಸಿದೆ, ಮೇಲೆ ಹಸಿರು ಚರ್ಮ ಎಳೆದು ಹೊಲಿದೆ. ಬಹಳ ದಿನದ ಮೇಲೆ ಇಷ್ಟು ಸಲೀಸಾಗಿ ಕೆಲಸ ಸಾಗಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೀಟನ್ನು ಕಾರಿಗೆ ಕೂರಿಸಿ ನರ್ಸಮ್ಮನನ್ನು ಕರೆಸಿದೆ. ಅವರು ಹೊಸ ಸೀರೆ ಉಟ್ಟುಕೊಂಡು ಬಂದಿದ್ದರು, ಪಾಪ. ಹಿಡಿ ಎಳೆದು ಸೀಟನ್ನು ತಮಗೆ ಬೇಕಾದಷ್ಟು ಮುಂದಕ್ಕೆ ತಂದುಕೊಂಡರು. ಮೊದಲ ಸಲ ಅದು ಅವರ ಮಾತು ಕೇಳಿತು, ಮುಖವೆಲ್ಲ ನಗು. ಆಮೇಲೆ ಕೂತರು. ನಗು ಹೋಯಿತು. ಸೀಟು ಅವರ ಅಡಿಯಲ್ಲಿ ಒಂದಿಷ್ಟೂ ತಗ್ಗಲಿಲ್ಲ. ಹಲಗೆಯ ಮೇಲೆ ಇಟ್ಟ ಬೊಂಬೆಯ ಹಾಗೆ ಮೇಲೆಯೇ ಕೂತರು, ಕಾಲು ನೆಲಕ್ಕೆ ಎಟುಕಲಿಲ್ಲ. ಅವರು ಆ ಕಡೆ ಈ ಕಡೆ ಹೊರಳಿ, ಅಂಗೈಯಿಂದ ಸೀಟನ್ನು ಒತ್ತಿ ಒತ್ತಿ ನೋಡಿದರು, ಬಸುರಿಯ ಹೊಟ್ಟೆ ನೋಡುತ್ತಾರಲ್ಲ, ಹಾಗೆ. ಆಮೇಲೆ ನಿಧಾನವಾಗಿ ಹೇಳಿದರು. ಇದರಲ್ಲಿ ಕೂರೋರು ಭಾರಿ ಆಳು. ತೊಡೆ ಉದ್ದ, ಮುಂದಿನ ಅಂಚು ಅದಕ್ಕೇ ಎತ್ತರ ಮಾಡಿದೀಯ. ಎಡಸೊಂಟ ತಗ್ಗಿದೆ, ಯಾವುದೋ ಹಳೇ ಪೆಟ್ಟು, ಅದಕ್ಕೆ ಎಡಗಡೆ ಒಂದು ಹಿಡಿ ಜಾಸ್ತಿ ತುಂಬಿ ಆಸರೆ ಕೊಟ್ಟಿದೀಯ. ಯಾರಮ್ಮ ಇವರು?

ಎಡಗಡೆ ತುಂಬಿದ್ದು ನನಗೇ ಗೊತ್ತಿರಲಿಲ್ಲ ರೀ. ದೇವರಾಣೆಗೂ ಗೊತ್ತಿರಲಿಲ್ಲ. ಬಾಗಿ ನಾನೂ ಕೈಯಿಟ್ಟು ನೋಡಿದೆ. ನಿಮ್ಮ ಸೊಂಟವೇ. ಸೈಕಲ್ಲಿನಿಂದ ಬಿದ್ದು ಮುರಿದುಕೊಂಡು, ಡಾಕ್ಟರ ಹತ್ತಿರ ಹೋಗಲ್ಲ ಎಂದು ಹಠ ಮಾಡಿ ಸೊಟ್ಟಗೆ ಕೂಡಿಸಿಕೊಂಡಿರಲ್ಲ, ಅದೇ. ನೀವು ಇಷ್ಟು ದಿನ ದೂರದಲ್ಲಿದ್ದರೂ ನಿಮ್ಮ ಮೈ ನನ್ನ ಕೈಯಲ್ಲಿ ಹಾಗೇ ಇದೆ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಳು ಬಂತು, ಅದೂ ಗಿರಾಕಿಯ ಮುಂದೆ. ನನಗೆ ಹೆಚ್ಚು ಸಂಕಟವಾದದ್ದು ಇನ್ನೊಂದಕ್ಕೆ. ಆ ಹೆಂಗಸು ಜೀವಮಾನದಲ್ಲಿ ಮೊದಲ ಸಲ ತನಗೆಂದು ಒಂದು ಸೀಟು ಕೇಳಿಕೊಂಡು ಬಂದರು, ನಾನು ಮತ್ತೆ ಯಾವುದೋ ಗಂಡಸಿನ ಅಳತೆಗೆ ಮಾಡಿ ಅವರನ್ನು ಅಂಚಿಗೆ ತಳ್ಳಿದೆ. ಅವರು ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. ರೇಗಲಿಲ್ಲ. ಸೀಟಿನಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಚ್ಚು, ಮತ್ತೆ ಮಾಡೋಣ, ಮೂಟೆಗೀಟೆ ಬೇಡ, ನಾನೇ ಕೂರ್ತೀನಿ, ಅಂದರು.

ಮರುದಿನ ಚರ್ಮ ಬಿಚ್ಚಿ, ಹತ್ತಿ ಕೂದಲು ನಾರು ಎಲ್ಲ ತೆಗೆದು, ಡ್ರೈವರ್ ಕಡೆಯ ಹುರಿ ಕತ್ತರಿಸಿದೆ. ಅಷ್ಟು ಚೆಂದದ ಗಂಟುಗಳು. ನರ್ಸಮ್ಮ ಬರೀ ಸ್ಪ್ರಿಂಗಿನ ಮೇಲೆ ಒಂದು ಹಲಗೆ ಹಾಕಿಕೊಂಡು ಕೂತರು, ನಾನು ಅವರ ಸುತ್ತ ನೆಲದಲ್ಲಿ ಕೂತು ಕಟ್ಟುತ್ತಾ ಹೋದೆ. ಗಂಟಲಲ್ಲಿ ಇದ್ದದ್ದೆಲ್ಲ ಅವರು ಈಚೆಗೆ ಎಳೆದರು, ಅದು ಅವರ ಕಸುಬಲ್ಲವೇ? ನಿನ್ನ ಯಜಮಾನ್ರು ಯಾಕೆ ಹೋದ್ರು, ಎಂದು ಕೇಳಿದರು. ಬಸ್ಸಿನ ಸೀಟು ಮಾಡೋ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಅದಕ್ಕೇ, ಅಂದೆ. ಅದು ಕೆಲಸದ ಮಾತಾಯ್ತು, ಯಾಕೆ ಹೋದ್ರು, ಎಂದು ಮತ್ತೆ ಕೇಳಿದರು.

ಹೇಳಿದೆ. ಆ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ನೀವು ನನಗೆ ಹೇಳದೆ ಸ್ಪ್ರಿಂಗು ತೆಗೆದು ಫೋಮಿನ ದಿಂಬು ಹಾಕಿದ್ದು, ನಾನು ಕೂತ ತಕ್ಷಣ ಕಂಡುಹಿಡಿದದ್ದು. ಗಿರಾಕಿಗೇ ಗೊತ್ತಾಗಲಿಲ್ಲ, ನಿನಗೇನು ಕಷ್ಟ, ಎಂದು ನೀವು ಕೇಳಿದ್ದು. ನನಗೆ ಗೊತ್ತಾಯ್ತಲ್ಲ, ಅದೇ ಕಷ್ಟ, ಎಂದು ನಾನು ಅಂದದ್ದು. ಮಾತಿಗೆ ಮಾತು ಬೆಳೆದು, ನಿನಗೆ ಗಂಡ ಯಾಕೆ, ನಾಲ್ಕು ಸ್ಪ್ರಿಂಗು ಸಾಕು, ಎಂದು ನೀವು. ಹಾಗಾದ್ರೆ ಹೋಗಿ, ಫೋಮಿನ ಜೊತೆಗೇ ಸಂಸಾರ ಮಾಡಿ, ಎಂದು ನಾನು. ಇದನ್ನು ಕೇಳಿ ನರ್ಸಮ್ಮ ನಕ್ಕರು ನೋಡಿ, ಸ್ಪ್ರಿಂಗೆಲ್ಲ ಕುಣಿದು ನಾನು ಹಿಡಿದಿದ್ದ ಹುರಿ ಕೈಯಿಂದ ತಪ್ಪಿತು. ಅಲ್ಲಾಡ್ಬೇಡಿ ಅಮ್ಮಾ, ಎಂದು ನಾನು ಕೂಗಿದೆ. ಕೂಗಿದ ಮೇಲೆ, ಈ ಮಾತನ್ನು ಇನ್ನೊಬ್ಬರಿಗೆ ಹೇಳಿದೆನಲ್ಲ ಎನಿಸಿ ಕಣ್ಣು ತುಂಬಿತು. ಅವರು ನಗು ನಿಲ್ಲಿಸಿ, ಹೋಗಿ ಅಂದಿದ್ದು ಆಯ್ತು, ಬನ್ನಿ ಅಂತ ಯಾವಾಗ ಹೇಳಿದೆ, ಎಂದು ಕೇಳಿದರು. ನಾನು ಸೂಜಿಗೆ ದಾರ ಪೋಣಿಸುವ ನೆಪ ಮಾಡಿದೆ.

ಹೋಗಿ ಎಂದವರೆಲ್ಲ ಹೋಗಲಿ ಎಂದೇ ಹೇಳುತ್ತಾರೆಯೇ? ಕೋಪದಲ್ಲಿ ಅಂದ ಮಾತಿಗೆ ಯಾರಾದರೂ ಪೆಟ್ಟಿಗೆ ಕಟ್ಟುತ್ತಾರೆಯೇ? ಈ ಆರ್ಡರು ಮುಗಿಸಿ ಬರ್ತೀನಿ ಅಂದಿರಿ. ಒಂದು ಮುಗಿದರೆ ಇನ್ನೊಂದು ಆರ್ಡರು. ಜಗತ್ತಿನಲ್ಲಿ ಬಸ್ಸುಗಳಿಗೇನು ಬರವೇ? ನೀವು ಕರೆದಾಗ ನಾನೂ ಅಲ್ಲಿಗೆ ಬರಲಿಲ್ಲ, ನಿಜ. ಅಲ್ಲಿ ಬಂದು ನಾನು ಏನು ಮಾಡಲಿ, ಅಚ್ಚಿನಿಂದ ಬೀಳುವ ಫೋಮನ್ನು ಎಣಿಸಲೇ? ಜಗಳ ಆಡಬೇಕೆಂದರೂ ಎದುರಿಗೆ ಬೇಕಲ್ಲ ರೀ. ಶಾಪಿನಲ್ಲಿ ಬೈಯುವುದಕ್ಕೆ ಜನವಿಲ್ಲದೆ ನನ್ನ ನಾಲಿಗೆ ತುಕ್ಕು ಹಿಡಿಯುತ್ತಿದೆ. ಹೊಗೆ ಮೇಸ್ತ್ರಿಗೆ ಬೈದರೆ ಅವನು ನಗುತ್ತಾನೆ, ಅದರಲ್ಲಿ ಏನೂ ಸುಖವಿಲ್ಲ.

ಇರಲಿ. ಡ್ರೈವರ್ ಕಡೆಯ ಅರ್ಧ ಈಗ ನರ್ಸಮ್ಮನದೇ. ನಿನ್ನೆ ಕೂತು ನೋಡಿದರು. ಸೀಟು ಅವರನ್ನು ಒಳಗೆ ತೆಗೆದುಕೊಂಡಿತು, ಪಾದ ಪೂರ್ತಿ ನೆಲಕ್ಕೆ ಊರಿತು, ಬೆನ್ನು ಒರಗಿತು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ ಕೂತರು. ಆಮೇಲೆ ಹಳೆಯ ಕಂಬಳಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಇದನ್ನ ಒರೆಸೋ ಬಟ್ಟೆ ಮಾಡ್ಕೋ, ಅಂದರು. ಪಕ್ಕದ ಅರ್ಧವನ್ನು ಸಾಮಾನ್ಯ ತೂಕಕ್ಕೆ ಕಟ್ಟಿದ್ದೇನೆ, ಯಾರು ಬೇಕಾದರೂ ಕೂರಬಹುದು.

ಆದರೆ ಇಬ್ಬರು ಕೂತು ನೋಡುವ ಪರೀಕ್ಷೆ ಉಳಿದಿದೆ. ನರ್ಸಮ್ಮನ ಪಕ್ಕದಲ್ಲಿ ಹೊಗೆ ಮೇಸ್ತ್ರಿಯನ್ನು ಕೂರಿಸಿದೆ. ಕಣ್ಣು ಮುಚ್ಚಿ ಮೈ ಸಡಿಲ ಬಿಡು ಅಂದೆ. ಬಿಟ್ಟ. ಗೊರಕೆ ಹೊಡೆದ. ಎಬ್ಬಿಸಿ ಯಾವ ಕಡೆ ವಾಲಿತು ಎಂದು ಕೇಳಿದರೆ, ಅಕ್ಕಾ, ಫಸ್ಟ್ ಕ್ಲಾಸ್ ಸೀಟು, ಅನ್ನುತ್ತಾನೆ. ಇವನ ಮಾತು ಕಟ್ಟಿಕೊಂಡು ಸೀಟು ಪಾಸು ಮಾಡಲೇ? ನಾನು ಕೂತೆ. ನನಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದರೆ ಬೇರೆ ಏನೇನೋ ಜ್ಞಾಪಕ ಬಂದು, ಸೀಟು ಯಾವ ಕಡೆ ವಾಲಿತೋ ನಾನು ಯಾವ ಕಡೆ ವಾಲಿದೆನೋ ತಿಳಿಯಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೆಲಸದ ಮಾತು, ಕಸುಬಿನವರು ಕಸುಬಿನವರಿಗೆ ಹೇಳುವ ಹಾಗೆ. ಈಗ ಹೊರಗೆ ಹೋಗಿ ನರ್ಸಮ್ಮನ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬನ್ನಿ. ಕಣ್ಣು ಮುಚ್ಚಿಕೊಳ್ಳಿ. ಹಿಡಿಯನ್ನೂ ಎಳೆದು ಸದ್ದು ಕೇಳಿ, ಕಬ್ಬಿಣದ ಕೆಲಸದಲ್ಲಿ ನನಗೆ ಎಷ್ಟು ಮಾರ್ಕು ಎಂದು ತಿಳಿಸಿ. ಸೀಟು ಎಲ್ಲಿಯಾದರೂ ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ. ನಿಮ್ಮ ಮುಲಾಜು ನಾನು ಕಂಡಿದ್ದೇನೆ, ಆದರೂ ಹೇಳಿದೆ.

ನನ್ನ ಆರೋಗ್ಯ ಚೆನ್ನಾಗಿದೆ. ಕನ್ನಡಕದ ನಂಬರು ಏರಿದೆ. ಮೆಟ್ಟಿಲಿನ ಬಲ್ಬು ಹೋಗಿತ್ತು, ನಾನೇ ಹಾಕಿದೆ. ನೀವಿಲ್ಲದೆ ಯಾವ ಕೆಲಸವೂ ನಿಂತಿಲ್ಲ, ಎಲ್ಲ ನಡೆಯುತ್ತಿದೆ. ನಡೆಯುತ್ತಿದೆ ಎಂಬುದೇ ಕೆಲವು ದಿನ ತಡೆಯಲಾಗುವುದಿಲ್ಲ. ಊಟ ಸರಿಯಾಗಿ ಮಾಡಿ. ಸಣ್ಣ ಆಗಬೇಡಿ.

ಇನ್ನೂ ನಿಮ್ಮವಳೇ ಆದ,
ನೀವು ಹೆಸರಿಟ್ಟ ಸೂಜಿಮೆಣಸು

ಮತ್ತೊಂದು ಮಾತು: ಪಕ್ಕದ ಅರ್ಧವನ್ನು ಸಾಮಾನ್ಯ ತೂಕಕ್ಕೆ ಕಟ್ಟಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ನಿಮಗೇ ಕಟ್ಟಿದ್ದೇನೆ. ಎಡಗಡೆಯ ಆಸರೆಯನ್ನೂ ಈ ಸಲ ಗೊತ್ತಿದ್ದೇ ತುಂಬಿದ್ದೇನೆ. ಅದು ನರ್ಸಮ್ಮನ ಅಪ್ಪಣೆ. ಅವರನ್ನ ನನ್ನ ಜಾಗದಲ್ಲಿ ಕೂರಿಸ್ಬೇಡ, ಪಕ್ಕದಲ್ಲಿ ಕೂರಿಸು, ಕರ್ಕೊಂಡು ಬರ್ತೀನಿ, ಅಂದರು. ಸೋಮವಾರ ಬೆಳಿಗ್ಗೆ ಅವರು ವಾಪಸು ಹೊರಡುತ್ತಾರೆ. ನಿಮ್ಮ ಬಾಗಿಲ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಾರೆ. ಎಷ್ಟು ಹೊತ್ತಾದರೂ ಕಾಯುತ್ತಾರಂತೆ. ಒಂದು ಜೀವ ಈಚೆಗೆ ಬರಲಿ ಎಂದು ಬಾಗಿಲಲ್ಲಿ ಕೂತು ಕಾಯುವುದು ಅವರಿಗೆ ರೂಢಿ. ನನಗೆ ರೂಢಿಯಾಗಲಿಲ್ಲ ರೀ. ಬಂದುಬಿಡಿ.